ಹೋಂಸ್ಟೇ ವೆಬ್‌ಸೈಟ್: ನೋಡುವವರಿದ್ದಾರೆ, ಬುಕ್ ಮಾಡುವವರಿಲ್ಲ

ಪ್ರಶ್ನೆ:

ನಮಸ್ಕಾರ ಮೇಡಂ. ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಚಿಕ್ಕ ಕಾಫಿ ತೋಟವಿದೆ. ಹಳೆಯ ಮನೆಯ ಪಕ್ಕದಲ್ಲೇ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಮೂರು ವರ್ಷಗಳ ಹಿಂದೆ ನಗರದ ಒಂದು ಸಂಸ್ಥೆಯಿಂದ ವೆಬ್‌ಸೈಟ್ ಮಾಡಿಸಿದೆವು. ದಿನಕ್ಕೆ ಮೂವತ್ತು ನಲವತ್ತು ಜನ ನೋಡುತ್ತಾರೆಂದು ಲೆಕ್ಕ ತೋರಿಸುತ್ತದೆ. ಆದರೆ ಅದರಿಂದ ಬರುವ ಬುಕಿಂಗ್ ತಿಂಗಳಿಗೆ ಒಂದೋ ಎರಡೋ. ಉಳಿದವರೆಲ್ಲ ಬುಕಿಂಗ್ ಆ್ಯಪ್‌ಗಳ ಮೂಲಕ ಬರುವುದರಿಂದ ಕಮಿಷನ್ ಕೊಟ್ಟು ಕೈಗೆ ಉಳಿಯುವುದು ಕಡಿಮೆ. ಈಗ ಅದೇ ಸಂಸ್ಥೆಯವರು ಸೈಟನ್ನು ಪೂರ್ತಿ ಹೊಸದಾಗಿ ಮಾಡಿ, ಜೊತೆಗೆ ಒಂದು ವರ್ಷದ ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟನ್ನು ಮೇಲಕ್ಕೆ ತರುವ ಕೆಲಸ) ಪ್ಯಾಕೇಜ್ ಕೊಡುವುದಾಗಿ ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ? ಸೈಟಿನ ವಿಳಾಸವನ್ನು ತಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

ಉತ್ತರ:

ಹೊಸದಾಗಿ ಮಾಡಿಸುವ ಅಗತ್ಯ ನನಗೆ ಕಾಣುತ್ತಿಲ್ಲ. ಪ್ಯಾಕೇಜಿನ ವಿಚಾರವನ್ನು ಸದ್ಯಕ್ಕೆ ಬದಿಗಿಡಿ.

ನಿಮ್ಮ ಅತಿಥಿಗಳು ಹೆಚ್ಚಾಗಿ ಮೊಬೈಲಿನಲ್ಲೇ ನೋಡುವವರಾದ್ದರಿಂದ ನಾನೂ ನಿನ್ನೆ ಸಂಜೆ ಮೊಬೈಲಿನಲ್ಲೇ ತೆರೆದೆ. ಮೊದಲ ಚಿತ್ರ ಪೂರ್ತಿಯಾಗಿ ಮೂಡುವಷ್ಟರಲ್ಲಿ ಹದಿನಾಲ್ಕು ಸೆಕೆಂಡು ಕಳೆದವು. ಕಾದು ನೋಡಿದರೆ ಅದು ಚಹಾ ತೋಟದ ಚಿತ್ರ! ಒಪ್ಪವಾಗಿ ಸವರಿದ ಚಹಾ ಗಿಡಗಳ ಸಾಲು, ಅದರ ಮೇಲೆ ಮಂಜು. ನಿಮ್ಮಲ್ಲಿರುವುದು ಸಿಲ್ವರ್ ಓಕ್ ನೆರಳು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ. ಮಲೆನಾಡನ್ನು ಬಲ್ಲವರು ಆ ಚಿತ್ರ ಕಂಡ ಕೂಡಲೇ ಇದು ಎಲ್ಲಿಂದಲೋ ತಂದು ಅಂಟಿಸಿದ್ದೆಂದು ಅನುಮಾನಿಸುತ್ತಾರೆ. ಅರಿಯದವರು ನಿಮ್ಮ ಅಂಗಳಕ್ಕೆ ಬಂದು ಟೀ ಎಸ್ಟೇಟ್ ಎಲ್ಲಿದೆ ಎಂದು ಕೇಳುತ್ತಾರೆ.

ಮುಖಪುಟದಲ್ಲಿ ಒಂದಾದ ಮೇಲೊಂದು ಸರಿದು ಹೋಗುವ ಐದು ಚಿತ್ರಗಳಿವೆ, ಒಂದೊಂದೂ ಐದಾರು ಎಂಬಿ ತೂಗುತ್ತದೆ. ಐದನ್ನೂ ತೆಗೆದು ನಿಮ್ಮ ಮನೆಯದೇ ಒಂದು ಚಿತ್ರವನ್ನು ಇಡಿ. ಅದರ ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ 200–300 ಕೆಬಿಯೊಳಗೆ ಬರುತ್ತದೆ. ಪುಟದ ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಗೂಗಲ್ ಅದನ್ನು ಒಳ್ಳೆಯ ವೇಗವೆಂದು ಪರಿಗಣಿಸುತ್ತದೆ. ವೇಗ ಅಳೆಯುವ ಗೂಗಲ್‌ನದೇ ತಾಣವಾದ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿದರೆ ನಿಮ್ಮ ಸೈಟಿನ ಲೆಕ್ಕ ಉಚಿತವಾಗಿಯೇ ಸಿಗುತ್ತದೆ.

ಇನ್ನು ಬರಹದ ವಿಷಯ. ಪ್ರಕೃತಿಯ ಮಡಿಲು, ಮನಸ್ಸಿಗೆ ಮುದ ಎಂದು ಮೂರು ಪ್ಯಾರಾ ಇದೆ. ಆದರೆ ಊಟ ದರದಲ್ಲಿ ಸೇರಿದೆಯೇ ಎಂಬುದು ಎಲ್ಲಿಯೂ ಇಲ್ಲ. ಕಳೆದ ಎರಡು ತಿಂಗಳಲ್ಲಿ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದ ವಿಚಾರಣೆಗಳನ್ನೆಲ್ಲ ಒಮ್ಮೆ ಓದಿ, ಜನ ಕೇಳಿದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತಲೆಗೆ ಎಷ್ಟು, ಮಕ್ಕಳಿಗೆ ಎಷ್ಟು, ಸಣ್ಣ ಕಾರು ಮನೆಯವರೆಗೆ ಬರುತ್ತದೆಯೇ, ಟಿಟಿ (ಟೆಂಪೊ ಟ್ರಾವೆಲರ್) ತಿರುಗಿಸಲು ಜಾಗವಿದೆಯೇ, ಡ್ರೈವರ್‌ಗೆ ಮಲಗುವ ವ್ಯವಸ್ಥೆ ಇದೆಯೇ, ವಯಸ್ಸಾದ ತಾಯಿಗೆ ಮೆಟ್ಟಿಲು ಹತ್ತದೆ ಕೋಣೆ ಸಿಗುತ್ತದೆಯೇ, ವೆಸ್ಟರ್ನ್ ಟಾಯ್ಲೆಟ್ ಇದೆಯೇ ಎಂಬಂಥವೇ ಹೆಚ್ಚಾಗಿರುತ್ತವೆ. ಅವಕ್ಕೆ ನೀವು ಫೋನಿನಲ್ಲಿ ಹೇಗೆ ಉತ್ತರಿಸುತ್ತೀರೋ ಅದೇ ಮಾತುಗಳನ್ನು ಸೈಟಿನಲ್ಲಿ ಬರೆಯಿರಿ. "ದರಕ್ಕಾಗಿ ಸಂಪರ್ಕಿಸಿ" ಎಂಬ ಸಾಲನ್ನು ಮಾತ್ರ ಇಂದೇ ತೆಗೆಯಿರಿ. ಆ್ಯಪ್‌ನಲ್ಲಿ ನಿಮ್ಮದೇ ಕೋಣೆಯ ದರ ಕಣ್ಣೆದುರಿಗಿರುವಾಗ ಅದನ್ನು ತಿಳಿಯಲು ಫೋನ್ ಮಾಡುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಫೋನ್ ನಂಬರನ್ನು ಚಿತ್ರದೊಳಗೆ ಬರೆಸಿರುವುದರಿಂದ ಅದನ್ನು ಒತ್ತಿದರೆ ಕರೆ ಹೋಗುವುದಿಲ್ಲ. ಅದು ಅಕ್ಷರದಲ್ಲಿರಬೇಕು, ಪಕ್ಕದಲ್ಲಿ ವಾಟ್ಸ್‌ಆ್ಯಪ್ ಕೊಂಡಿಯೂ ಇರಬೇಕು. ಬುಕಿಂಗ್ ಫಾರ್ಮಿನಲ್ಲಿ ಆಧಾರ್ ಪ್ರತಿ ಅಪ್‌ಲೋಡ್ ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಗುರುತಿನ ಚೀಟಿಯನ್ನು ಅತಿಥಿಗಳು ಬಂದಾಗ ನೋಡಿದರಾಯಿತು. ನೂರಾರು ಜನರ ಆಧಾರ್ ಪ್ರತಿ ನಿಮ್ಮ ಸರ್ವರ್‌ನಲ್ಲಿ ಬಿದ್ದಿರುವುದು ಅವರಿಗೂ ಅಪಾಯ, ನಿಮಗೂ ತಲೆನೋವು.

ಮರುಪ್ರಶ್ನೆ (ಅದೇ ಮಾಲೀಕರು):

ಟೀ ಎಸ್ಟೇಟ್ ಎಲ್ಲಿ ಎಂದು ಇಬ್ಬರು ಈಗಾಗಲೇ ಕೇಳಿಯಾಗಿದೆ ಮೇಡಂ; ಅವರು ಏಕೆ ಹಾಗೆ ಕೇಳಿದರೆಂದು ಈಗ ತಿಳಿಯಿತು. ನನ್ನದೊಂದು ಅಳುಕು ಇದೆ. ನಮ್ಮಲ್ಲಿ ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ, ಕೋಣೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಕೊನೆಯ ಒಂದು ಕಿಲೋಮೀಟರು ಮಣ್ಣಿನ ರಸ್ತೆ. ಇವನ್ನೆಲ್ಲ ಬರೆದರೆ ಬರುವವರೂ ಹಿಂದೆ ಸರಿಯುವುದಿಲ್ಲವೇ?

ಉತ್ತರ:

ಕೆಲವರು ಸರಿಯುತ್ತಾರೆ, ಸರಿಯಲಿ. ನಾನು ಸೈಟ್ ನೋಡಿಕೊಳ್ಳುವ ಸಕಲೇಶಪುರ ಕಡೆಯ ಒಂದು ಮನೆಗೆ ಭಾನುವಾರ ಬಂದಿಳಿದ ದಂಪತಿ, ಸೋಮವಾರ ಬೆಳಿಗ್ಗೆ ಕಚೇರಿಯ ವಿಡಿಯೊ ಮೀಟಿಂಗ್ ಇದೆ, ಇಲ್ಲಿ ನೆಟ್‌ವರ್ಕೇ ಇಲ್ಲವಲ್ಲ ಎಂದು ರಾತ್ರಿ ಒಂಬತ್ತಕ್ಕೆ ಗಾಡಿ ತಿರುಗಿಸಿಕೊಂಡು ಹೊರಟುಹೋದರು. ಹಣವನ್ನೂ ಹಿಂದಿರುಗಿಸಬೇಕಾಯಿತು, ಒಂದು ಸ್ಟಾರ್‌ನ ರಿವ್ಯೂ ಕೂಡ ಬಿತ್ತು. ಆ ಸೈಟಿನಲ್ಲಿ ಈಗ "ಕೋಣೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಕಣದ ಮೂಲೆಯಲ್ಲಿ ನಿಂತರೆ ಕರೆ ಮಾಡಬಹುದು, ವೈಫೈ ಹಜಾರದಲ್ಲಿ ಮಾತ್ರ" ಎಂದಿದೆ. ಆ ಮೂಲೆಯನ್ನು ಹುಡುಕಿಕೊಂಡು ಹೋಗುವುದೇ ಈಗ ಅತಿಥಿಗಳಿಗೊಂದು ತಮಾಷೆಯಾಗಿದೆಯಂತೆ.

ತೊಂದರೆಯನ್ನು ಬರೆಯುವಾಗ ಅದಕ್ಕೆ ನೀವು ಮಾಡಿರುವ ಏರ್ಪಾಡನ್ನೂ ಜೊತೆಗೇ ಹೇಳಬೇಕು. ಇಂಬಳಕ್ಕೆ ಉದ್ದನೆಯ ಕಾಲುಚೀಲ ಕೊಡುತ್ತೀರೆಂದರೆ ಅದನ್ನು ಬರೆಯಿರಿ. ರಸ್ತೆಗೆ ಸಂಬಂಧಿಸಿದಂತೆ, ಡಾಂಬರು ಮುಗಿಯುವಲ್ಲಿನ ನಿಮ್ಮ ಬೋರ್ಡಿನ ಫೋಟೊ ಹಾಕಿ, ಅಲ್ಲಿಂದ ಮುಂದೆ ಯಾವ ಕಡೆ ತಿರುಗಬೇಕೆಂದು ನಾಲ್ಕು ಸಾಲಿನಲ್ಲಿ ತಿಳಿಸಿ. ಗೂಗಲ್ ಮ್ಯಾಪಿನ ಗುರುತು ತೋಟದ ನಡುವೆ ಬಿದ್ದಿದ್ದರೆ ಅದು ಜನರನ್ನು ಹಿಂದಿನ ಜೀಪ್ ದಾರಿಗೆ ಒಯ್ಯಬಹುದು. ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪಿನಲ್ಲಿ ಕಾಣುವ ನಿಮ್ಮ ಹೋಂಸ್ಟೇಯ ವಿವರದ ಖಾತೆ) ತೆರೆದು ಗುರುತನ್ನು ನಿಮ್ಮ ಗೇಟಿನ ಮೇಲೆಯೇ ತಂದು ಕೂರಿಸಿ.

ಫೋಟೊಗಳ ಬಗ್ಗೆ ಇನ್ನೊಂದು ಮಾತು. ಒಂದೇ ದಿನ ಕ್ಯಾಮೆರಾದವರನ್ನು ಕರೆಸಿ ಮುಗಿಸಬೇಡಿ, ತಿಂಗಳಿಗೆ ಕೆಲವನ್ನು ನೀವೇ ಮೊಬೈಲಿನಲ್ಲಿ ತೆಗೆಯಿರಿ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದು, ಆ ಪರಿಮಳ ಕೆಲವೇ ದಿನ ಇರುವುದು ಬೆಂಗಳೂರಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಿಸೆಂಬರ್–ಜನವರಿಯಲ್ಲಿ ಕೊಯ್ಲು, ಕಣದಲ್ಲಿ ಹರಡಿದ ಹಣ್ಣು. ಜುಲೈನಲ್ಲಿ ಹಂಡೆಯ ಬಿಸಿನೀರು, ಒಲೆಯ ಮುಂದೆ ಕಡುಬು. ಯಾವ ತಿಂಗಳಲ್ಲಿ ಬಂದರೆ ಏನು ಸಿಗುತ್ತದೆ ಎಂಬ ಒಂದು ಪುಟ ಮಾಡಿ, ಎತ್ತಿನಭುಜ ಬೆಟ್ಟಕ್ಕೆ ಹೋಗುವವರು ಎಷ್ಟು ಹೊತ್ತಿಗೆ ನಿಮ್ಮ ಮನೆ ಬಿಡಬೇಕು, ಕೊಟ್ಟಿಗೆಹಾರದ ನೀರುದೋಸೆಗೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಅದರಲ್ಲಿ ಸೇರಿಸಿ. ಹುಡುಕಾಟದಲ್ಲಿ ನಿಮ್ಮ ಸೈಟನ್ನು ಮೇಲಕ್ಕೆ ತರಬಲ್ಲ ಪುಟ ಇಂಥದ್ದು. ಪ್ಯಾಕೇಜಿನವರು ಪ್ರಶ್ನೋತ್ತರಗಳು ಗೂಗಲ್ ಫಲಿತಾಂಶದಲ್ಲೇ ಬಿಚ್ಚಿಕೊಳ್ಳುವಂತೆ ಮಾಡಿಕೊಡುತ್ತೇವೆ ಎಂದು ಪಟ್ಟಿಯಲ್ಲಿ ಬರೆದಿದ್ದರೆ ನಂಬಬೇಡಿ. 2023ರ ಆಗಸ್ಟ್‌ನಲ್ಲೇ ಗೂಗಲ್ ಆ ಸೌಲಭ್ಯವನ್ನು ಸರ್ಕಾರಿ ಮತ್ತು ಆರೋಗ್ಯ ಸಂಬಂಧಿ ಪ್ರಮುಖ ತಾಣಗಳಿಗಷ್ಟೇ ಸೀಮಿತಗೊಳಿಸಿತು.

ಇನ್ನೊಬ್ಬರ ಪ್ರಶ್ನೆ:

ನಮ್ಮದು ತೀರ್ಥಹಳ್ಳಿ ಕಡೆ. ಕನ್ನಡದಲ್ಲೂ ಒಂದು ಪುಟ ಇರಲೆಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಕೊಟ್ಟೆವು. ಸೈಟಿಗೆ ಹಾಕಿದಾಗ ಅಕ್ಷರವೆಲ್ಲ ಕಲಸಿ ಇಂಗ್ಲಿಷ್ ಚಿಹ್ನೆಗಳಂತೆ ಕಂಡಿತು, ಆಮೇಲೆ ಅದನ್ನು ಚಿತ್ರವಾಗಿ ಮಾಡಿ ಹಾಕಿದ್ದಾರೆ. ಇದು ಸರಿಯೇ?

ಉತ್ತರ:

ಸರಿಯಲ್ಲ ಸರ್. ಅಂಗಡಿಯವರು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡ ಕೂರಿಸಿದ ಬಗೆ) ಟೈಪ್ ಮಾಡಿರಬೇಕು. ಅದನ್ನು ಎಲ್ಲೆಡೆ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ತಿದ್ದಿಕೊಳ್ಳಿ. ಚಿತ್ರದೊಳಗಿನ ಕನ್ನಡವನ್ನು ನೆಚ್ಚಿಕೊಂಡರೆ ಹುಡುಕಾಟದಲ್ಲಿ ಪುಟ ಸಿಗುವುದು ಕಷ್ಟ, ಮೊಬೈಲಿನಲ್ಲಿ ಓದುವುದೂ ಕಷ್ಟ. ಕನ್ನಡ ಪುಟಕ್ಕೆ ಪ್ರತ್ಯೇಕ ವಿಳಾಸವೇ ಇರಲಿ.

ಮರುಪ್ರಶ್ನೆ (ಮೂಡಿಗೆರೆಯವರು):

ಕೊನೆಯದಾಗಿ ಎರಡು ವಿಷಯ. ಡೊಮೇನ್ (ಸೈಟಿನ ವಿಳಾಸದ ಹೆಸರು) ಆ ಸಂಸ್ಥೆಯ ಹೆಸರಿನಲ್ಲೇ ಇದೆಯಂತೆ. ಮತ್ತೆ, ಸೈಟಿನಲ್ಲೇ ಬುಕಿಂಗ್ ತೆರೆದರೆ ಒಂದೇ ಕೋಣೆ ಇಬ್ಬರಿಗೆ ಹೋಗುವ ಭಯವಿದೆ. ಕಳೆದ ದಸರಾ ರಜೆಯಲ್ಲಿ ಎರಡು ಆ್ಯಪ್‌ಗಳ ನಡುವೆಯೇ ಹಾಗಾಗಿ, ಒಂದು ಕುಟುಂಬವನ್ನು ಅಣ್ಣನ ಮನೆಯಲ್ಲಿ ಮಲಗಿಸಬೇಕಾಯಿತು.

ಉತ್ತರ:

ಆ್ಯಪ್‌ಗಳ ಕ್ಯಾಲೆಂಡರ್‌ಗಳನ್ನು ಐಕ್ಯಾಲ್ (ಕ್ಯಾಲೆಂಡರ್ ಹಂಚಿಕೊಳ್ಳುವ ಒಂದು ಬಗೆ) ಕೊಂಡಿಯ ಮೂಲಕ ನಿಮ್ಮ ಸೈಟಿನ ಕ್ಯಾಲೆಂಡರ್‌ಗೆ ಜೋಡಿಸಬಹುದು. ಆದರೆ ಒಂದು ಕಡೆ ತುಂಬಿದ ಕೋಣೆ ಇನ್ನೊಂದು ಕಡೆ ತುಂಬಿದಂತೆ ಕಾಣಲು ಕೆಲವು ಗಂಟೆ ಹಿಡಿಯಬಹುದು, ರಜೆಯ ದಿನಗಳಲ್ಲಿ ಎಡವಟ್ಟಾಗುವುದು ಆ ಅವಧಿಯಲ್ಲೇ. ಎಲ್ಲ ಕಡೆಯ ಬುಕಿಂಗನ್ನು ಒಟ್ಟಿಗೆ ನೋಡಿಕೊಳ್ಳುವ ಚಾನೆಲ್ ಮ್ಯಾನೇಜರ್ ತಂತ್ರಾಂಶದ ಬಾಡಿಗೆ ನಾಲ್ಕು ಕೋಣೆಗಳಿಗೆ ದುಬಾರಿ. ಸೈಟಿನಲ್ಲಿ ಖಾಲಿ ದಿನಗಳನ್ನು ತೋರಿಸಿ, "ವಿಚಾರಿಸಿ" ಎಂಬ ಗುಂಡಿ ಇಡಿ. ನೀವು ವಾಟ್ಸ್‌ಆ್ಯಪ್‌ನಲ್ಲಿ ಒಪ್ಪಿಗೆ ಕೊಟ್ಟ ನಂತರ ಯುಪಿಐ ಮೂಲಕ ಮುಂಗಡ ಪಡೆಯಿರಿ, ಪಡೆದ ಕೂಡಲೇ ಎಲ್ಲ ಆ್ಯಪ್‌ಗಳಲ್ಲೂ ಆ ದಿನಗಳನ್ನು ಕೈಯಾರೆ ಮುಚ್ಚಿ.

ಡೊಮೇನ್ ಮಾತ್ರ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಸಂಸ್ಥೆ) ಬಳಿ ನಿಮ್ಮದೇ ಇಮೇಲ್‌ನಲ್ಲಿ ಖಾತೆ ತೆರೆದು, ಡೊಮೇನನ್ನು ಅದಕ್ಕೆ ವರ್ಗಾಯಿಸಿಕೊಡುವಂತೆ ಅವರನ್ನು ಬರಹದಲ್ಲಿ ಕೇಳಿ. ರಿಜಿಸ್ಟ್ರಾರ್ ಬೇರೆಯಾದರೆ ವರ್ಗಾವಣೆಯ ಕೋಡ್ ಕೊಡಬೇಕಾಗುತ್ತದೆ, ಅದನ್ನೂ ಕೇಳಿ. ನವೀಕರಣದ ದಿನಾಂಕ ಯಾವಾಗ ಎಂಬುದನ್ನು ಇಂದೇ ನೋಡಿಕೊಳ್ಳಿ. ಡೊಮೇನ್ ನಿಮ್ಮ ಹೆಸರಿಗೆ ಬರುವವರೆಗೆ ಚಿತ್ರ ಬದಲಿಸಿ, ನಂಬರ್ ಸರಿಪಡಿಸಿ ಎಂದಷ್ಟೇ ಹೇಳಿ, ಹೊಸ ಪ್ಯಾಕೇಜಿಗೆ ಹೂಂ ಎಂದಾಗಲಿ ಬೇಡ ಎಂದಾಗಲಿ ಹೇಳಬೇಡಿ.