ಬಿಪಿ ಲೋ ಇರುವವರು ಹೇಳಿ: ಮಾತ್ರೆ ಶುರು ಮಾಡಲೋ, ಹೀಗೇ ತಳ್ಳಲೋ?

ಗೋಡೆ ಹಿಡಿದವಳು:
ನನಗೆ 34. ಬಿಪಿ ಮೊದಲಿಂದಲೂ ಕಡಿಮೆಯೇ. ಆದರೆ ಒಂದು ವರ್ಷದಿಂದ ತಡೆಯಲಾಗುತ್ತಿಲ್ಲ. ಬೆಳಿಗ್ಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ. ಗೋಡೆ ಹಿಡಿದು ಹತ್ತು ಎಣಿಸಿ ಆಮೇಲೆ ಹೆಜ್ಜೆ ಇಡುತ್ತೇನೆ. ಊಟ ಆದಮೇಲೆ ತಲೆಯೊಳಗೆ ಮಂಜು ಕವಿದ ಹಾಗೆ. ಮಲಗಿದಾಗ 96/60, ನಿಂತು ಮೂರು ನಿಮಿಷಕ್ಕೆ 74/50. ರಕ್ತ, ಥೈರಾಯ್ಡ್, ಇಸಿಜಿ ಎಲ್ಲ ಸರಿ ಇದೆಯಂತೆ. ಡಾಕ್ಟರ್ ಬಿಪಿ ಏರಿಸುವ ಮಾತ್ರೆ ಫ್ಲೂಡ್ರೊಕಾರ್ಟಿಸೋನ್ 0.1 ಮಿ.ಗ್ರಾಂ ಬರೆದುಕೊಟ್ಟು ಮೂರು ವಾರ ಆಯಿತು. ಚೀಟಿ ಡ್ರಾಯರ್‌ನಲ್ಲೇ ಇದೆ, ಧೈರ್ಯ ಬರುತ್ತಿಲ್ಲ. ಇನ್ನೊಂದು ವಿಷಯ, ಮುಂದಿನ ವರ್ಷ ಮಗು ಮಾಡಿಕೊಳ್ಳೋಣ ಅಂತ ಇದ್ದೇವೆ. ತೆಗೆದುಕೊಂಡವರು, ಬಿಟ್ಟವರು ದಯವಿಟ್ಟು ಹೇಳಿ.

ಮುರಿದ ಹಲ್ಲು:
ಧೈರ್ಯ ಬರಲಿ ಅಂತ ಕಾಯಬೇಡಿ. ನಾನು ಮೂರು ವರ್ಷ ಕಾದೆ. "ಲೋ ಬಿಪಿ ಒಳ್ಳೆಯದೇ ಕಣ್ರೀ, ಹೃದಯಕ್ಕೆ ಆಯಾಸ ಇಲ್ಲ" ಅಂತ ಒಬ್ಬರಲ್ಲ, ನಾಲ್ಕು ಡಾಕ್ಟರ್ ಬೆನ್ನು ತಟ್ಟಿ ಕಳಿಸಿದರು. ಐದನೆಯವರ ಹತ್ತಿರ ಹೋಗುವ ಮೊದಲೇ ಬಚ್ಚಲುಮನೆಯಲ್ಲಿ ಬಿದ್ದೆ. ಬಿಸಿನೀರಿಗೆ ರಕ್ತನಾಳ ಎಲ್ಲ ಹಿಗ್ಗಿ ಬಿಪಿ ಇನ್ನೂ ಇಳಿಯುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ನಲ್ಲಿಯ ಅಂಚಿಗೆ ಬಾಯಿ ಬಡಿಯಿತು. ಮುಂದಿನ ಎರಡು ಹಲ್ಲು ಹೋದವು. ಒಂದು ಪೂರ್ತಿ, ಇನ್ನೊಂದು ಅರ್ಧ. ಗಲ್ಲಕ್ಕೆ 9 ಹೊಲಿಗೆ. ಅರ್ಧ ಹಲ್ಲಿಗೆ ರೂಟ್ ಕೆನಾಲ್ ನಾಲ್ಕು ಸಲ. ಮೂರನೇ ಸಲ ಕುರ್ಚಿ ಹಿಂದಕ್ಕೆ ಬಾಗಿಸಿ ಇಟ್ಟಿದ್ದರಲ್ಲ, ಮುಗಿದ ಮೇಲೆ ಎದ್ದೆ, ಅಲ್ಲೂ ಬಿದ್ದೆ. ದಂತವೈದ್ಯರು ಹೆದರಿ ನೀರಾಗಿದ್ದರು.

ಆಮೇಲೆ 24 ಗಂಟೆ ಎದೆಬಡಿತ ಬರೆದುಕೊಳ್ಳುವ ಹೋಲ್ಟರ್, ಹೃದಯದ ಸ್ಕ್ಯಾನ್ ಎಕೋ, ಮೂರ್ಛೆ ರೋಗ ಇರಬಹುದು ಅಂತ ಇಇಜಿ, ಕೊನೆಗೆ ಟಿಲ್ಟ್ ಟೇಬಲ್. ಮಂಚಕ್ಕೆ ಬೆಲ್ಟ್ ಬಿಗಿದು 70 ಡಿಗ್ರಿಗೆ ಎತ್ತಿ ನಿಲ್ಲಿಸುತ್ತಾರೆ. 22ನೇ ನಿಮಿಷಕ್ಕೆ ನಾನು ಇಲ್ಲ. ಎಚ್ಚರ ಆದಾಗ ಟೆಕ್ನಿಷಿಯನ್ ಖುಷಿಯಾಗಿದ್ದ, "ಸಿಕ್ತು ಸಾರ್" ಅಂದ. ಮೂರು ವರ್ಷದಲ್ಲಿ ನನ್ನ ಕಾಯಿಲೆ ಕಂಡು ಖುಷಿಪಟ್ಟ ಮೊದಲ ಮನುಷ್ಯ ಅವನು.

ರಕ್ತನಾಳ ಬಿಗಿ ಮಾಡಿ ಬಿಪಿ ಏರಿಸುವ ಮಿಡೋಡ್ರಿನ್ ಶುರುವಾಯಿತು. 2.5ರಿಂದ 5 ಮಿ.ಗ್ರಾಂಗೆ ಏರಿಸಿದರು, ದಿನಕ್ಕೆ ಮೂರು. ಮೊದಲ ವಾರ ನೆತ್ತಿಯ ಮೇಲೆ ಇರುವೆ ಹರಿದ ಹಾಗೆ, ಕೂದಲೆಲ್ಲ ನಿಮಿರಿದ ಹಾಗೆ. ಮಾತ್ರೆ ನುಂಗಿ ನಾಲ್ಕು ಗಂಟೆ ಮಲಗಬಾರದು. ಒಂದು ಮಧ್ಯಾಹ್ನ ಮರೆತು ಅಡ್ಡಾದೆ. ತಲೆ ಸಿಡಿಯಿತು. ಅಳೆದರೆ 178/102! ಲೋ ಬಿಪಿಯವನಿಗೆ ಹೈ ಬಿಪಿ. ಅದಕ್ಕೇ ಮೊಬೈಲಿನಲ್ಲಿ ಮೂರು ಅಲಾರಂ ಇಟ್ಟಿದ್ದೇನೆ. ಆದರೆ ಎರಡು ವರ್ಷದಿಂದ ಬಿದ್ದಿಲ್ಲ. ಒಂದು ಸಲವೂ ಇಲ್ಲ.

ಉಪ್ಪಿನ ಡಬ್ಬಿ:
ಅಲಾರಂ ಇಟ್ಟುಕೊಂಡು ಬದುಕುವುದಕ್ಕಿಂತ ಉಪ್ಪು ತಿಂದು ಬದುಕುವುದು ವಾಸಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಆ ಗಾದೆ ನಮ್ಮ ಜಾತಿಯ ರೋಗಿಗಳಿಗೇ ಮಾಡಿದ್ದು. ಆರು ವರ್ಷ ಆಯಿತು, ಒಂದು ಮಾತ್ರೆ ಮುಟ್ಟಿಲ್ಲ. ದಿನಕ್ಕೆ ಉಪ್ಪು 9 ಗ್ರಾಂ, ತೂಕ ಹಾಕಿ ಡಬ್ಬಿಗೆ ತುಂಬಿಡುತ್ತೇನೆ. ನೀರು ಎರಡೂವರೆ ಲೀಟರ್. ಬೆಳಿಗ್ಗೆ ಕಾಲು ಕೆಳಗಿಡುವ ಮೊದಲೇ ಅರ್ಧ ಲೀಟರ್ ಗಟಗಟ. ಗುಟುಕು ಗುಟುಕಾಗಿ ಕುಡಿದರೆ ಪ್ರಯೋಜನ ಇಲ್ಲ.

ಮಂಚದ ತಲೆ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಒಂದೇ ಇಟ್ಟಿಗೆ ಇಟ್ಟಾಗ ಏನೂ ಆಗಲಿಲ್ಲ. ಎರಡು ಇಟ್ಟೆ. ಮೊದಲ ರಾತ್ರಿ ಜಾರಿ ಜಾರಿ ಕಾಲ ಬುಡಕ್ಕೆ ಬಂದಿದ್ದೆ. ನನ್ನವರು ನಾಲ್ಕನೇ ದಿನ ಚಾಪೆ ತೆಗೆದುಕೊಂಡು ಆಚೆ ಹೋದರು, ಇನ್ನೂ ವಾಪಸ್ ಬಂದಿಲ್ಲ.

ಇನ್ನು ಕಾಲು ಬಿಗಿಹಿಡಿಯುವ ಕಾಲುಚೀಲದ ಕಥೆ. 20-30 ಒತ್ತಡದ್ದು ಮೊಣಕಾಲಿನವರೆಗಿನದು ತಂದೆ, ದಂಡ. ರಕ್ತ ನಿಲ್ಲುವುದು ಬರೀ ಮೀನಖಂಡದಲ್ಲಲ್ಲ, ತೊಡೆಯಲ್ಲಿ, ಹೊಟ್ಟೆಯಲ್ಲಿ. ಸೊಂಟದವರೆಗಿನ 30-40 ತಂದೆ. ಹಾಕಿಕೊಳ್ಳಲು 11 ನಿಮಿಷ, ಗಡಿಯಾರ ನೋಡಿ ಹೇಳುತ್ತಿದ್ದೇನೆ. ಉಗುರು ತಾಗಿ ಮೊದಲ ಜೊತೆ ಒಂಬತ್ತನೇ ದಿನಕ್ಕೆ ಹರಿಯಿತು. ಎರಡನೆಯದು ಒಗೆಯುವಾಗ ಬಿಸಿನೀರಿಗೆ ಹಾಕಿ ಹಾಳಾಯಿತು. ಮೂರನೆಯದನ್ನು ರಬ್ಬರ್ ಗ್ಲೌಸ್ ಹಾಕಿಕೊಂಡು ಏರಿಸಿದೆ, ಉಳಿಯಿತು. ಬೇಸಿಗೆಯಲ್ಲಿ ಮೊಣಕಾಲ ಹಿಂದೆ ಗುಳ್ಳೆ ಎದ್ದು ಎರಡು ತಿಂಗಳು ಮುಲಾಮು. ಈಗ ಅದನ್ನು ಬಿಟ್ಟು ಹೊಟ್ಟೆಗೆ ಮಾತ್ರ ಪಟ್ಟಿ ಕಟ್ಟುತ್ತೇನೆ. ಸಾಲಿನಲ್ಲಿ ನಿಲ್ಲಬೇಕಾದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿಹಿಡಿಯುತ್ತೇನೆ. ನೋಡಿದವರು ಇವಳಿಗೆ ಬೇರೇನೋ ಅವಸರ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಬರೀ ನಂಬರ್:
ನನ್ನದು 84/52. ಹದಿನೆಂಟು ವರ್ಷದಿಂದ ಅಷ್ಟೇ. ವಾರಕ್ಕೆ 40 ಕಿ.ಮೀ. ಓಡುತ್ತೇನೆ. ತಲೆಯೂ ಸುತ್ತಿಲ್ಲ, ಹಲ್ಲೂ ಮುರಿದಿಲ್ಲ. 90/60 ಅನ್ನುವುದು ಒಂದು ಗೆರೆ ಅಷ್ಟೇ, ಅದರ ಕೆಳಗೆ ಬಂದವರೆಲ್ಲ ರೋಗಿಗಳಲ್ಲ. ಜರ್ಮನಿಯಲ್ಲಿ ಲೋ ಬಿಪಿಯನ್ನು ಕಾಯಿಲೆ ಅಂತ ಎಣಿಸಿ ದಶಕಗಟ್ಟಲೆ ಔಷಧಿ ಕೊಟ್ಟರು. ಅದೇ ಬ್ರಿಟನ್ನಿನ ಡಾಕ್ಟರ್‌ಗಳು ಅದನ್ನು ಕಾಯಿಲೆ ಅಂತಲೇ ಒಪ್ಪುತ್ತಿರಲಿಲ್ಲ. ಅರ್ಥ ಮಾಡಿಕೊಳ್ಳಿ. ಮೆಷಿನ್ ಮನೆಗೆ ತಂದರೆ ದಿನಕ್ಕೆ ಹತ್ತು ಸಲ ಅಳೆಯುತ್ತೀರಿ, ಹತ್ತು ಸಲ ಹೆದರುತ್ತೀರಿ. ಬಿಸಾಕಿ.

ಮುರಿದ ಹಲ್ಲು:
ಓಡುವವರಿಗೆ ಮಲಗಿದವರ ಕಷ್ಟ ಏನು ಗೊತ್ತು. ಇವರು ಕೂತು 84 ಇರುವ ಕಥೆ ಹೇಳುತ್ತಿಲ್ಲ. ನಿಂತಾಗ 22 ಇಳಿಯುತ್ತದೆ ಅಂತ ಬರೆದಿದ್ದಾರೆ, ಓದಿದ್ದೀರಾ? ನಿಂತು ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಆರ್ಥೋಸ್ಟಾಟಿಕ್ ಹೈಪೊಟೆನ್ಷನ್ ಅಂತ ಬೇರೆಯೇ ಹೆಸರಿದೆ. ಅದು ಬರೀ ನಂಬರ್ ಅಲ್ಲ.

ಬರೀ ನಂಬರ್:
ಓದಿದ್ದೇನೆ. ನಿಮ್ಮ ಹಲ್ಲಿನ ಕಥೆಯಲ್ಲಿ ಅವರ ಪ್ರಶ್ನೆ ಎಲ್ಲಿ ಹೋಯಿತು ಅಂತಲೂ ಹುಡುಕಿದೆ.

ಕಪ್ಪು ವಸಡು:
ಸಿಟ್ಟು ತಡೆದು ಬರೆಯುತ್ತಿದ್ದೇನೆ. "ಬರೀ ನಂಬರ್" ಅಂತ ನನಗೂ ಹೇಳಿದ್ದರು. ಎರಡು ವರ್ಷ. ತೂಕ 9 ಕೆ.ಜಿ. ಇಳಿಯಿತು, ಎಲ್ಲರೂ ಹೊಗಳಿದರು. ಮೈ ಕಪ್ಪಾಯಿತು, ಬಿಸಿಲು ಅಂದರು. ಅಂಗೈ ಗೆರೆಗಳು, ವಸಡು ಕಪ್ಪಾದವು. ವಸಡಿಗೆ ಯಾವ ಬಿಸಿಲು ಬೀಳುತ್ತದೆ ಹೇಳಿ? ಉಪ್ಪು ಎಷ್ಟು ಬೇಕೆನಿಸುತ್ತಿತ್ತು ಅಂದರೆ ಅಡುಗೆಮನೆಗೆ ಹೋಗಿ ಕದ್ದು ನೆಕ್ಕುತ್ತಿದ್ದೆ. ಆಗಲೂ ಇಂಥ ಯಾರೋ ಪುಣ್ಯಾತ್ಮರು "ಲೋ ಬಿಪಿಗೆ ಉಪ್ಪು ಒಳ್ಳೆಯದು" ಅಂದರು. ತಿಂದೆ. ಸ್ವಲ್ಪ ಚೇತರಿಸಿಕೊಂಡೆ. ಅದರಿಂದಲೇ ಇನ್ನೂ ಎಂಟು ತಿಂಗಳು ಕಾಯಿಲೆ ಮುಚ್ಚಿಹೋಯಿತು.

ಒಂದು ವೈರಲ್ ಜ್ವರ ಬಂದು ವಾಂತಿ ಶುರುವಾಯಿತು. ಎರಡನೇ ದಿನ ಐಸಿಯು. ಬಿಪಿ ಮೇಲಿನದು 60, ಕೆಳಗಿನದು ಸಿಗಲೇ ಇಲ್ಲ. ಸೋಡಿಯಂ ಇಳಿದು 121, ಪೊಟಾಸಿಯಂ ಏರಿ 6.1. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ನನ್ನ ತುಟಿ ಎತ್ತಿ ವಸಡು ನೋಡಿ ಅಡ್ರಿನಲ್ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್‌ಗೆ ರಕ್ತ ತೆಗೆದು, ರಿಪೋರ್ಟ್‌ಗೆ ಕಾಯದೆ ಅದರ ಬದಲಿಯಾದ ಹೈಡ್ರೊಕಾರ್ಟಿಸೋನ್ ಚುಚ್ಚಿದರು. ಅಡಿಸನ್ ಕಾಯಿಲೆ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿತ್ತು. 1855ರಲ್ಲೇ ಲಂಡನ್ನಿನ ಥಾಮಸ್ ಅಡಿಸನ್ ಇದನ್ನೆಲ್ಲ ಬರೆದಿಟ್ಟಿದ್ದರು, ಮೈಬಣ್ಣದ ಸಮೇತ. ನನ್ನನ್ನು ನೋಡಿದ ಅರ್ಧ ಡಜನ್ ಡಾಕ್ಟರ್‌ಗಳಿಗೆ ಹೊಳೆಯಲಿಲ್ಲ. ಈಗ ಫ್ಲೂಡ್ರೊಕಾರ್ಟಿಸೋನ್, ಹೈಡ್ರೊಕಾರ್ಟಿಸೋನ್ ಎರಡೂ ಜೀವನಪೂರ್ತಿ. ಜ್ವರ ಬಂದರೆ ಎರಡನೆಯದರ ಡೋಸ್ ಡಬಲ್. ಬ್ಯಾಗಿನಲ್ಲಿ ಸದಾ ಇಂಜೆಕ್ಷನ್. ಬೆಳಿಗ್ಗೆ ಎಂಟರ ಕಾರ್ಟಿಸಾಲ್ ಮಾಡಿಸದೆ ಯಾರೂ ಉಪ್ಪಿನ ಉಪದೇಶ ಮಾಡಬೇಡಿ.

ಉಪ್ಪಿನ ಡಬ್ಬಿ:
ನಾನು ನನ್ನ ಕಥೆ ಹೇಳಿದೆ, ಉಪದೇಶ ಮಾಡಲಿಲ್ಲ. ನನಗೆ ಕಾರ್ಟಿಸಾಲ್ ಆಗಿದೆ, ಕಿಡ್ನಿ ಆಗಿದೆ, ಎಕೋ ಆಗಿದೆ. ಎಲ್ಲ ನೋಡಿಯೇ ಡಾಕ್ಟರ್ ಉಪ್ಪು ಹೇಳಿದ್ದು. ಗಾಯದ ಮೇಲೆ ಉಪ್ಪು ಸವರುವುದರಲ್ಲಿ ನೀವೇ ಮುಂದೆ ಇದ್ದೀರಿ.

ಕಪ್ಪು ವಸಡು:
ಅದನ್ನು ಮೊದಲೇ ಬರೆಯಬೇಕಿತ್ತು. 9 ಗ್ರಾಂ ಅಂತ ನೋಡಿ ಹಾರ್ಟ್ ಫೇಲ್ಯೂರ್ ಇರುವವರು ಯಾರೋ ಶುರು ಮಾಡಿದರೆ? ಸಾಮಾನ್ಯ ಜನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ.

ಅಪ್ಪನ ಡೈರಿ:
ನಿಮ್ಮೆಲ್ಲರಿಗೂ ಇನ್ನೂ ವಯಸ್ಸಿದೆ. ನನ್ನ ಅಪ್ಪನಿಗೆ 76. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಒಬ್ಬರು ಕೊಟ್ಟಿದ್ದರು, ಕಾಲು ಊತಕ್ಕೆ ನೀರು ಇಳಿಸುವ ಮಾತ್ರೆ ಇನ್ನೊಬ್ಬರು, ನಿದ್ದೆಗೆ ಅಮಿಟ್ರಿಪ್ಟಿಲಿನ್ ಮತ್ತೊಬ್ಬರು. ಮೂರೂ ನಿಂತಾಗ ಬಿಪಿ ಇಳಿಸುವಂಥವೇ. ಯಾರೂ ಇನ್ನೊಬ್ಬರ ಚೀಟಿ ನೋಡಲಿಲ್ಲ. ನಾನೂ ನೋಡಲಿಲ್ಲ, ಆ ಸಂಕಟ ಬೇರೆ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಎದ್ದು, ನಿಂತುಕೊಂಡೇ ಮಾಡುವಾಗ ಬಿದ್ದರು. ಸೊಂಟದ ಮೂಳೆ. ಆಪರೇಷನ್, 12 ದಿನ ಆಸ್ಪತ್ರೆ, ನಾಲ್ಕು ತಿಂಗಳು ವಾಕರ್. ನಾನು 31 ದಿನ ರಜೆ, ಅದರಲ್ಲಿ 14 ಸಂಬಳ ಇಲ್ಲದ್ದು.

ಅಲ್ಲಿ ಒಬ್ಬರು ಮಿಡೋಡ್ರಿನ್ ಶುರು ಮಾಡಿದರು. ಮೂರನೇ ದಿನ ಮೂತ್ರ ಕಟ್ಟಿತು. ಪ್ರಾಸ್ಟೇಟ್ ಇರುವವರಿಗೆ ಆ ಮಾತ್ರೆ ಮೂತ್ರದ ದಾರಿ ಇನ್ನೂ ಬಿಗಿ ಮಾಡುತ್ತದೆ. ಕ್ಯಾಥಿಟರ್, ಅದರಿಂದ ಸೋಂಕು, ಸೋಂಕಿಗೆ ಏಳು ದಿನ ಆಂಟಿಬಯೋಟಿಕ್. ಆದ್ದರಿಂದ ಮಿಡೋಡ್ರಿನ್ ಅಂತ ಡಂಗುರ ಸಾರಬೇಡಿ. ಅಪ್ಪ ಸರಿಯಾಗಿದ್ದು ಡಾಕ್ಟರ್ ಎರಡು ಮಾತ್ರೆ ತೆಗೆದ ಮೇಲೆ. ಈಗ ಕೂತು ಮೂತ್ರ ಮಾಡುತ್ತಾರೆ, ಊಟ ಸ್ವಲ್ಪ ಸ್ವಲ್ಪ ಐದು ಸಲ. ಹೊಟ್ಟೆ ತುಂಬಾ ಉಂಡರೆ ಒಂದು ಗಂಟೆಗೆ ಬಿಪಿ 30 ಇಳಿಯುತ್ತಿತ್ತು. ಡೈರಿಯಲ್ಲಿ ಎಲ್ಲ ಬರೆದಿಟ್ಟಿದ್ದೇನೆ, ಈಗ ಮೂರನೇ ಪುಸ್ತಕ.

ಮುರಿದ ಹಲ್ಲು:
ಡಂಗುರ ಯಾರು ಸಾರಿದರು? ನನಗೆ ಪ್ರಾಸ್ಟೇಟ್ ಇಲ್ಲ.

ಬರೀ ನಂಬರ್:
ಪ್ರಾಸ್ಟೇಟ್ ಇಲ್ಲದ ಗಂಡಸು! ಇದನ್ನೂ ಟಿಲ್ಟ್ ಟೇಬಲ್‌ನಲ್ಲೇ ಕಂಡುಹಿಡಿದರಾ?

ಮುರಿದ ಹಲ್ಲು:
ಪ್ರಾಸ್ಟೇಟ್ *ತೊಂದರೆ* ಇಲ್ಲ. ನಗಿ. ನಿಮಗೆ ಹಲ್ಲಿದೆಯಲ್ಲ.

ಬರೀ ನಂಬರ್:
ಸರಿ, ಕ್ಷಮಿಸಿ. ಆದರೆ ಒಂದು ಕೇಳುತ್ತೇನೆ, ಇಷ್ಟೂ ಜನ ನಂಬರ್ ಬರೆದಿರಲ್ಲ, ಬಿಪಿ ಮೆಷಿನ್ ಪಟ್ಟಿಯ ಸೈಜ್ ಯಾರಾದರೂ ನೋಡಿದ್ದೀರಾ? ತೆಳ್ಳನೆ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕೈ ಎದೆಯ ಮಟ್ಟಕ್ಕಿಂತ 10 ಸೆಂ.ಮೀ. ಮೇಲಿದ್ದರೂ 7-8 ಕಡಿಮೆ.

ಅಪ್ಪನ ಡೈರಿ:
ಕೈ ಜೋತುಬಿಟ್ಟರೆ ಅಷ್ಟೇ ಜಾಸ್ತಿಯೂ ತೋರಿಸುತ್ತದೆ. ನಿಂತಾಗ ಹೆಚ್ಚಿನವರು ಕೈ ಜೋತುಬಿಡುತ್ತಾರೆ. ಅಂದರೆ ನಿಜವಾದ ಇಳಿತ ಇನ್ನೂ ಜಾಸ್ತಿ ಇರುತ್ತದೆ. ನಿಮ್ಮ ವಾದ ನಿಮಗೇ ತಿರುಗಿತು.

ಬರೀ ನಂಬರ್:
ಯಾವ ಕಡೆಗಾದರೂ ತಿರುಗಲಿ, ತಪ್ಪು ತಪ್ಪೇ ಅಲ್ವಾ.

ಗೋಡೆ ಹಿಡಿದವಳು:
ಎಲ್ಲರಿಗೂ ಥ್ಯಾಂಕ್ಸ್. ಕಾರ್ಟಿಸಾಲ್ ಆಗಿದೆ, ಸರಿ ಇದೆ. ಆದರೆ ನಾನು ಕೇಳಿದ್ದು ಫ್ಲೂಡ್ರೊಕಾರ್ಟಿಸೋನ್. ಮತ್ತೆ ಮಗುವಿನ ವಿಷಯ ಯಾರೂ ಹೇಳಲೇ ಇಲ್ಲ.

ರಾತ್ರಿ ಪಾಳಿ:
ಎರಡು ದಿನದಿಂದ ಓದುತ್ತಿದ್ದೆ, ಜಗಳ ಮುಗಿಯಲಿ ಅಂತ ಸುಮ್ನಿದ್ದೆ. ನಾನು ಅದೇ ಮಾತ್ರೆ 14 ತಿಂಗಳು ತೆಗೆದುಕೊಂಡೆ, ಅದೇ ಡೋಸ್. ಮೊದಲ ಹತ್ತು ದಿನ ಏನೂ ಗೊತ್ತಾಗಲಿಲ್ಲ, ಮೋಸ ಅನ್ನಿಸಿತು. ಎರಡನೇ ವಾರದಿಂದ ಗೋಡೆ ಬಿಟ್ಟು ನಡೆದೆ. ಮೈಯಲ್ಲಿ ಉಪ್ಪು ನೀರು ಹಿಡಿದಿಡುವುದೇ ಅದರ ಕೆಲಸ, ಹಾಗಾಗಿ ಸಂಜೆಗೆ ಪಾದ ಊದುತ್ತಿತ್ತು, ಚಪ್ಪಲಿ ಒಂದು ಸೈಜ್ ದೊಡ್ಡದು ಬೇಕಾಯಿತು. ತಲೆನೋವು ಇತ್ತು. ಆರನೇ ವಾರ ಕಾಲಲ್ಲಿ ಸೆಳೆತ ಶುರುವಾಯಿತು. ಪೊಟಾಸಿಯಂ 3.1ಕ್ಕೆ ಇಳಿದಿತ್ತು. ಅದಕ್ಕೆ ಸಿರಪ್ಪು, ಆ ರುಚಿ ವೈರಿಗೂ ಬೇಡ. ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಬಲಗೈಯಲ್ಲಿ ನರ ಸಿಗದೆ ಎಡಗೈಗೆ ಬಂದರು, ಅಲ್ಲೂ ನೀಲಿ ಕಲೆ.

ಗರ್ಭಿಣಿ ಆಗುವ ಮೊದಲು ಡಾಕ್ಟರ್‌ಗೆ ಹೇಳಿದೆ. ನನ್ನ ವಿಷಯದಲ್ಲಿ ಅವರು ನಿಲ್ಲಿಸಿದರು. ನಿಮ್ಮದಕ್ಕೆ ಏನು ಮಾಡಬೇಕು ಅಂತ ನಿಮ್ಮವರನ್ನೇ ಕೇಳಬೇಕು, ಚೀಟಿ ಬರೆದಾಗ ಮಗುವಿನ ಯೋಚನೆ ಅವರಿಗೆ ಗೊತ್ತಿತ್ತಾ? ಬಸಿರಲ್ಲಿ ಬಿಪಿ ಹೆಚ್ಚಿನವರಿಗೆ ಮಧ್ಯದ ತಿಂಗಳುಗಳ ಹೊತ್ತಿಗೆ ಸ್ವಲ್ಪ ಇಳಿಯುತ್ತದೆ. ನನಗೆ ಐದನೇ ತಿಂಗಳಲ್ಲಿ 82/48. ಕೆಲಸದ ಜಾಗದಲ್ಲಿ ಎರಡು ಸಲ ನೆಲಕ್ಕೆ ಕುಕ್ಕರಿಸಿ ಕೂತೆ. ಬಿದ್ದೆ ಅಂತ ಹೇಳುವುದಿಲ್ಲ, ಕೂತೆ. ಕಣ್ಣು ಮಂಜಾದ ಕೂಡಲೇ ಎಲ್ಲಿದ್ದರೂ ಕೂರಬೇಕು, ಮರ್ಯಾದೆ ನೋಡಬಾರದು. ಆಮೇಲೆ ಹೊಟ್ಟೆ ದೊಡ್ಡದಾದಾಗ ಅಂಗಾತ ಮಲಗಿದರೆ ಬೆವರು, ವಾಕರಿಕೆ. ಗರ್ಭ ದೊಡ್ಡ ರಕ್ತನಾಳದ ಮೇಲೆ ಕೂರುತ್ತದಂತೆ. ಎಡಕ್ಕೆ ಹೊರಳಿದರೆ ಎರಡು ನಿಮಿಷಕ್ಕೆ ಸರಿ. ಒಂಬತ್ತನೇ ತಿಂಗಳ ಹೊತ್ತಿಗೆ ಬಿಪಿ ತಾನಾಗಿ 100 ದಾಟಿತು. ಮಗಳಿಗೆ ಈಗ ಎರಡು ವರ್ಷ. ನನ್ನ ಬಿಪಿ ಮತ್ತೆ 90.

ಗೋಡೆ ಹಿಡಿದವಳು:
ಇಲ್ಲ, ಅವರಿಗೆ ಹೇಳಿರಲಿಲ್ಲ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.

ಉಪ್ಪಿನ ಡಬ್ಬಿ:
ಫೋನ್ ಮಾಡಲು ಏಳುವ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ. ಇದು ಉಪದೇಶ ಅಲ್ಲ.

ಬರೀ ನಂಬರ್:
ಮತ್ತೆ ಪಟ್ಟಿ ಸೈಜ್ ನೋಡಿ. ತೋಳಿನ ಸುತ್ತಳತೆ ಎಷ್ಟು?

ಗೋಡೆ ಹಿಡಿದವಳು:
ಈಗ ಟೇಪ್ ಹಿಡಿದೆ, 21 ಸೆಂ.ಮೀ. ಪಟ್ಟಿಯ ಮೇಲೆ 22-32 ಅಂತ ಇದೆ.

ಬರೀ ನಂಬರ್:
ಹೇಳಲಿಲ್ಲವಾ!

ಮುರಿದ ಹಲ್ಲು:
ಮಲಗಿದಾಗಲೂ ಅದೇ ಪಟ್ಟಿ, ನಿಂತಾಗಲೂ ಅದೇ ಪಟ್ಟಿ. 22 ಇಳಿದದ್ದು ಇಳಿದದ್ದೇ ಮಾರಾಯರೇ.