ಲಕೋಸ್ಟ್ ಅಂಗಿ ಗೆದ್ದದ್ದು ಆಟಗಾರನ ಹೆಸರಿನಿಂದಲೋ, ಬಟ್ಟೆಯ ಹೆಣಿಗೆಯಿಂದಲೋ?

ಬೇಸ್‌ಲೈನ್:
ಫ್ರಾನ್ಸಿನ ಟೆನಿಸ್ ಆಟಗಾರ ರೆನೆ ಲಕೋಸ್ಟ್ ಎರಡು ಸಲ ವಿಂಬಲ್ಡನ್ (1925, 1928), ಮೂರು ಸಲ ಫ್ರೆಂಚ್, ಎರಡು ಸಲ ಅಮೆರಿಕದ ಚಾಂಪಿಯನ್‌ಶಿಪ್ ಗೆದ್ದವರು. ಆರೋಗ್ಯ ಕೈಕೊಟ್ಟು ಇಪ್ಪತ್ತೈದರ ಆಸುಪಾಸಿನಲ್ಲೇ ದೊಡ್ಡ ಆಟ ಬಿಟ್ಟರು, 1933ರಲ್ಲಿ ಅಂಗಿ ಕಂಪನಿ ಕಟ್ಟಿದರು. ಆಗ ಈ ಟೂರ್ನಿಗಳೆಲ್ಲ ಅಮೆಚೂರ್, ಬಹುಮಾನದ ಹಣವೇ ಇರಲಿಲ್ಲ. ಹಾಗಿದ್ದರೆ ಕಾರ್ಖಾನೆ ಎಲ್ಲಿಂದ ಬಂತು? ಹೆಸರೊಂದೇ ಸಾಕಾಯಿತೇ?

ನೂಲೆಳೆ:
ಕಾರ್ಖಾನೆ ಪಾಲುದಾರರದು. ಆಂದ್ರೆ ಜಿಲಿಯೆ ಫ್ರಾನ್ಸಿನ ದೊಡ್ಡ ಹೆಣಿಗೆ ಉದ್ಯಮದ ಒಡೆಯರು. ಲಕೋಸ್ಟ್ ತಂದದ್ದು ಹೆಸರು ಮತ್ತು ಅಂಗಣದಲ್ಲಿ ಪರೀಕ್ಷಿಸಿದ್ದ ಅಂಗಿ. ಉದ್ದ ತೋಳಿನ, ನೇಯ್ದ ಬಟ್ಟೆಯ ಅಂಗಿಯೇ ರೂಢಿಯಿದ್ದ ಕಾಲದಲ್ಲಿ, 1926ರಲ್ಲೇ ಅವರು ಅಮೆರಿಕದಲ್ಲಿ ಗಿಡ್ಡ ತೋಳಿನ ಹೆಣಿಗೆ ಅಂಗಿ ತೊಟ್ಟು ಆಡಿದ್ದರು.

ಗುಟ್ಟಿರುವುದು ಪಿಕೆ ಹೆಣಿಗೆಯಲ್ಲಿ. ಕೆಲವು ಕುಣಿಕೆಗಳನ್ನು ಪೂರ್ತಿ ಹೆಣೆಯದೆ ಸೂಜಿಯಲ್ಲೇ ತಡೆದು, ಮುಂದಿನದರ ಜೊತೆ ಬಿಡುತ್ತಾರೆ. ಇದೇ ಟಕ್ ಸ್ಟಿಚ್. ಬಟ್ಟೆಯಲ್ಲಿ ಸಣ್ಣ ಸಣ್ಣ ಗುಳಿ ಏಳುತ್ತವೆ, ಮೈಗೆ ತಾಗುವ ಜಾಗ ಕಡಿಮೆಯಾಗುತ್ತದೆ, ಗಾಳಿಯಾಡಿ ಬೆವರು ಬೇಗ ಆರುತ್ತದೆ. ಹಿಂಭಾಗ ಮುಂಭಾಗಕ್ಕಿಂತ ತುಸು ಉದ್ದ, ಸರ್ವ್ ಮಾಡಲು ಕೈ ಎತ್ತಿದರೂ ಅಂಗಿ ಪ್ಯಾಂಟಿನಿಂದ ಹೊರಬರುವುದಿಲ್ಲ.

ಎಡವುವುದೂ ಇಲ್ಲೇ. ಟಕ್ ಕುಣಿಕೆ ಬಟ್ಟೆಯನ್ನು ಅಗಲಕ್ಕೆ ಎಳೆಯುತ್ತದೆ, ಒಗೆದಾಗ ಉದ್ದ ಕುಗ್ಗುತ್ತದೆ. ಈಗ ಮಾಡಿಸುವವರು ಚದರ ಮೀಟರಿಗೆ 200ರಿಂದ 220 ಗ್ರಾಂ ತೂಕ ಕೇಳಿ. ತೀರ ತೆಳುವಾದರೆ ಜೋಲುತ್ತದೆ. ಕತ್ತರಿಸುವ ಮೊದಲು ತುಣುಕಿನ ಮೇಲೆ 50 ಸೆಂ.ಮೀ. ಚೌಕ ಗುರುತಿಸಿ, ಮೂರು ಸಲ ಒಗೆದು, ಹಾಸಿ ಒಣಗಿಸಿ ಅಳೆಯಿರಿ. 2.5 ಸೆಂ.ಮೀ.ಗಿಂತ ಹೆಚ್ಚು ಕುಗ್ಗಿದರೆ ಆ ಥಾನನ್ನು ವಾಪಸು ಕಳಿಸಿ. ಕಾಲರ್ ಬೇರೆ ಯಂತ್ರದಲ್ಲಿ ಹೆಣೆದದ್ದು, ಅದನ್ನೂ ಜೊತೆಗೇ ಒಗೆಯಿರಿ. ಎರಡರ ಕುಗ್ಗುವಿಕೆ ಹೊಂದದಿದ್ದರೆ ಕಾಲರ್ ಸುರುಳಿಯಾಗುತ್ತದೆ, ಇಸ್ತ್ರಿಗೂ ಬಗ್ಗುವುದಿಲ್ಲ.

ತಂತಿಬಲೆ:
ಲಕೋಸ್ಟ್ ಅವರನ್ನು ಬರೀ ಅಂಗಿಯವರು ಎನ್ನುವುದು ಅನ್ಯಾಯ. 1960ರ ದಶಕದಲ್ಲಿ ಉಕ್ಕಿನ ರ್‍ಯಾಕೆಟ್ಟಿಗೆ ಪೇಟೆಂಟ್ ಪಡೆದರು. ಅಮೆರಿಕದ ಕ್ರೀಡಾಸಾಮಗ್ರಿ ಕಂಪನಿ ವಿಲ್ಸನ್ ಅದನ್ನು 1967ರಿಂದ ಟಿ2000 ಎಂದು ಮಾರಿತು. ತೆಳು ಕೊಳವೆಗೆ ತೂತು ಕೊರೆಯದೆ, ಚೌಕಟ್ಟಿನ ಸುತ್ತ ತಂತಿ ಸುತ್ತಿ ಆ ಕುಣಿಕೆಗಳಿಗೆ ಸ್ಟ್ರಿಂಗ್ ಕಟ್ಟುವ ಉಪಾಯ. ವೇಗ ಬಂತು, ಹಿಡಿತ ಹೋಯಿತು. ಸ್ಟ್ರಿಂಗ್ ಬದಲಿಸುವುದೂ ತಾಪತ್ರಯದ ಕೆಲಸ. ಅಮೆರಿಕದ ಆಟಗಾರ ಜಿಮ್ಮಿ ಕಾನರ್ಸ್ ಮಾತ್ರ ವರ್ಷಗಟ್ಟಲೆ ಬಿಡಲಿಲ್ಲ.

ಬೇಸ್‌ಲೈನ್:
ಥಾನಿನ ಪರೀಕ್ಷೆ ಬರೆದುಕೊಂಡೆ, ಧನ್ಯವಾದ. ತಮ್ಮ ಹೆಸರಲ್ಲೇ ಅಂಗಿ ತಂದ ಬ್ರಿಟನ್ನಿನ ಟೆನಿಸ್ ಆಟಗಾರ ಫ್ರೆಡ್ ಪೆರ್ರಿ ಕಥೆಯೂ ಹೀಗೆಯೇ?

ನೂಲೆಳೆ:
ಹೆಚ್ಚುಕಡಿಮೆ. ಪೆರ್ರಿ 1936ರಲ್ಲಿ ವೃತ್ತಿಪರರಾದರು. ಆಸ್ಟ್ರಿಯಾದ ಮಾಜಿ ಫುಟ್‌ಬಾಲಿಗ ಟಿಬಿ ವೆಗ್ನರ್ ಜೊತೆ ಮೊದಲು ತಂದದ್ದು ಮಣಿಕಟ್ಟಿನ ಬೆವರುಪಟ್ಟಿ, ಅಂಗಿ ಬಂದದ್ದು 1952ರಲ್ಲಿ. ಸಣ್ಣ ವಸ್ತುವಿನಿಂದ ಆರಂಭಿಸಿದ್ದು ಜಾಣತನ ಎಂದೇ ನನ್ನ ಎಣಿಕೆ: ಅಳತೆಗಳ ರಗಳೆಯಿಲ್ಲ, ದಾಸ್ತಾನು ಕೊಳೆಯುವುದಿಲ್ಲ.

ಲಾಂಛನಪ್ರಿಯ:
ಲೋಗೋ ಮಾತು ಬಿಟ್ಟುಹೋಯಿತು. ಲಕೋಸ್ಟ್ ಮೊಸಳೆ ಬಲಕ್ಕೆ ನೋಡುತ್ತದೆ; ಸಿಂಗಪುರ ಮೂಲದ ಕ್ರೊಕೊಡೈಲ್ ಕಂಪನಿಯದು ಎಡಕ್ಕೆ. ಇವರಿಬ್ಬರ ವ್ಯಾಜ್ಯ ದೆಹಲಿ ಹೈಕೋರ್ಟಿನವರೆಗೂ ಬಂದು ವರ್ಷಗಟ್ಟಲೆ ನಡೆಯಿತು. ಟ್ರೇಡ್‌ಮಾರ್ಕ್ ಹಕ್ಕು ಆಯಾ ದೇಶಕ್ಕಷ್ಟೇ ಸೀಮಿತ. ನೋಂದಣಿಯ ಸರಕುಪಟ್ಟಿಯಲ್ಲಿ ಉಡುಪು 25ನೇ ವರ್ಗದಲ್ಲಿ ಬರುತ್ತದೆ, ರ್‍ಯಾಕೆಟ್ 28ರಲ್ಲಿ. ಎರಡನ್ನೂ ಮಾರುವ ಯೋಚನೆಯಿದ್ದರೆ ಎರಡಕ್ಕೂ ಅರ್ಜಿ ಹಾಕಬೇಕು, ಅದೂ ಮೊದಲ ಪೆಟ್ಟಿಗೆ ಗಡಿ ದಾಟುವ ಮುನ್ನವೇ.