ಅಪ್‌ಡೇಟ್: ಟಿವಿ ಆರಿಸಿದ ಮೇಲೆ ಮಗಳನ್ನು ಏನು ಆಡಿಸಲಿ ಅಂತ ಕೇಳಿದ್ದೆನಲ್ಲ

ಟಿವಿ ಆರಿಸಿದರೆ 3 ವರ್ಷದ ಮಗಳು ರಂಪ ಮಾಡುತ್ತಾಳೆ, ಮನೆಯಲ್ಲೇ ಏನು ಆಡಿಸಲಿ ಅಂತ ಹೋದ ತಿಂಗಳು ಕೇಳಿದ್ದೆ. ನೀವು ಹೇಳಿದ್ದರಲ್ಲಿ ಗೆದ್ದದ್ದು ಉಪ್ಪು ಬೆರೆಸಿದ ಹಿಟ್ಟಿನ ಮುದ್ದೆ. 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, ನೀರು ಮಾತ್ರ ಸ್ವಲ್ಪಸ್ವಲ್ಪವೇ. ಮೊದಲ ಸಲ ಒಮ್ಮೆಲೇ ಸುರಿದು ಕೈಯೆಲ್ಲ ಅಂಟಂಟು ಮಾಡಿಕೊಂಡೆ. ಈಗ ದಿನಾ ಹಾವು ಹೊಸೆಯುತ್ತಾಳೆ, ಹಾವಿಗೊಂದು ಟೋಪಿ ಬೇರೆ! ಅಷ್ಟು ಉಪ್ಪು ಹೊಟ್ಟೆಗೆ ಹೋಗಬಾರದು, ಹಾಗಾಗಿ ನಾನು ಪಕ್ಕದಿಂದ ಏಳುವಂತಿಲ್ಲ.

ಬ್ರಷ್ ಕೊಟ್ಟು ಹೊರಗಿನ ಗೋಡೆಗೆ ಬರೀ ನೀರು ಬಳಿಸುವ ಉಪಾಯವೂ ಸೊಗಸು. ಚಿತ್ರ ಒಣಗಿ ಮಾಯವಾದರೆ ಮತ್ತೆ ಬಳಿಯುತ್ತಾಳೆ. ಮಣಿ ಪೋಣಿಸುವುದನ್ನು ಕೈಬಿಟ್ಟೆ, ಗಂಟಲಲ್ಲಿ ಸಿಕ್ಕೀತೆಂಬ ಭಯ.

ರಟ್ಟಿನ ಡಬ್ಬದಲ್ಲಿ ಕಷ್ಟಪಟ್ಟು ಬಸ್ ಮಾಡಿಕೊಟ್ಟೆ. ಅವಳ ಪ್ರಕಾರ ಅದು ಆಸ್ಪತ್ರೆ, ರೋಗಿ ನಾನೇ.